ಹೈದರಾಬಾದ್–ಬೆಂಗಳೂರು ವಿಮಾನ: 454 ಕಿ.ಮೀ., 1 ಗಂಟೆ 10 ನಿಮಿಷ. ಹಾಗಾದ್ರೆ ನಾನು ಯಾಕೆ ತಡವಾಗಿ ತಲುಪಿದೆ?

ಈ ಸಲದ ಪ್ರಶ್ನೆ ತುಂಬಾ ಸರಳ. ಹೈದರಾಬಾದ್ ವಿಮಾನ ನಿಲ್ದಾಣದಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತು? ಫೋನಿನಲ್ಲಿ ಕೇಳಿದರೆ ಕಣ್ಣು ಮಿಟುಕಿಸೋದರೊಳಗೆ ಉತ್ತರ ಬರತ್ತೆ. ದೂರ ಸುಮಾರು 454 ಕಿಲೋಮೀಟರ್, ಸಮಯ 1 ಗಂಟೆ 5 ನಿಮಿಷದಿಂದ 1 ಗಂಟೆ 20 ನಿಮಿಷದವರೆಗೆ. ಎರಡೂ ಸರಿಯಾದ ಉತ್ತರಗಳೇ. ಆದರೆ ಈ ಎರಡು ಸರಿಯಾದ ಉತ್ತರ ಇಟ್ಕೊಂಡು ನಾನು ಮನೆಯವರಿಗೆ ಒಂದು ತಪ್ಪು ಲೆಕ್ಕ ಕೊಟ್ಟಿದ್ದೆ. ಇವತ್ತು ಆ ಲೆಕ್ಕವನ್ನೇ ಬಿಚ್ಚಿ ನೋಡೋಣ. ವಿಡಿಯೋದಲ್ಲಿ ಮ್ಯಾಪ್ ಮೇಲೆ ಗೆರೆ ಎಳೆದು ತೋರಿಸಿದ್ದೆ, ಇಲ್ಲಿ ಮಾತಿನಲ್ಲೇ ಹೇಳ್ತೀನಿ.

ನಾನಿರೋದು ಹೈದರಾಬಾದಿನ ಮಿಯಾಪುರದಲ್ಲಿ. ಮನೆ, ಅಂದರೆ ಅಪ್ಪ ಅಮ್ಮ ಇರೋ ಮನೆ, ಬೆಂಗಳೂರಿನ ಬನಶಂಕರಿಯಲ್ಲಿ. ಮೂರು ವರ್ಷದ ಹಿಂದೆ ಒಂದು ಶುಕ್ರವಾರ ರಾತ್ರಿ ಒಂಬತ್ತೂವರೆಗೆ ತಮ್ಮ ಫೋನ್ ಮಾಡಿ, ಅಜ್ಜಿ ಹೋಗಿಬಿಟ್ರು ಅಂದ. ಮಾರನೇ ದಿನ ಶನಿವಾರ. ಶನಿವಾರದ ರಾಹುಕಾಲ 9ರಿಂದ 10:30. ಅದಕ್ಕೆ ಮೊದಲೇ ಎತ್ತಬೇಕು ಅಂತ ಹಿರಿಯರು ಹೇಳ್ತಿದ್ದಾರೆ, ನೀನು ಎಷ್ಟೊತ್ತಿಗೆ ಬರ್ತೀಯ ಅಂತ ಕೇಳಿದ. ನಾನು ಆ್ಯಪ್ ತೆಗೆದು ನೋಡಿದೆ. ಬೆಳಿಗ್ಗೆ 6:10ಕ್ಕೆ ಹೊರಟು 7:20ಕ್ಕೆ ಇಳಿಯೋ ವಿಮಾನ ಇತ್ತು. ‘ಎಂಟಕ್ಕೆಲ್ಲ ಮನೇಲಿರ್ತೀನಿ’ ಅಂದೆ. ಅದೇ ಹೊತ್ತಿಗೆ ನಮ್ಮ ಬಾಲ್ಕನಿಯಿಂದ ನೋಡಿದರೆ ಕೆಳಗೆ ಮುಂಬೈ ಹೆದ್ದಾರಿಯ ಪಕ್ಕ ಬೆಂಗಳೂರು ಸ್ಲೀಪರ್ ಬಸ್ಸುಗಳು ಸಾಲಾಗಿ ನಿಂತಿದ್ದವು. ಬಸ್ಸಲ್ಲಿ ಯಾರು ಒಂಬತ್ತು ಗಂಟೆ ಕೂತ್ಕೊಂಡು ಹೋಗ್ತಾರೆ, ತುರ್ತು ಇರೋವಾಗ ವಿಮಾನವೇ ಸರಿ ಅಂದ್ಕೊಂಡೆ.

ವಿಮಾನ ತಡ ಆಗಲಿಲ್ಲ. ಯಾರ ತಪ್ಪೂ ಇಲ್ಲ. ಆದರೂ ನಾನು ಬನಶಂಕರಿಯ ಮನೆ ಮುಂದೆ ಇಳಿದಾಗ ಗಂಟೆ 9:20. ಬಾಗಿಲಲ್ಲಿ ನೀರು ಹಾಕಿ ತೊಳೆದಿದ್ದರು. ನಾನು ಅದೇ ಟ್ಯಾಕ್ಸಿಯಲ್ಲಿ ಚಿತಾಗಾರಕ್ಕೆ ಹೋದೆ.

ಈಗ ಲೆಕ್ಕಕ್ಕೆ ಬರೋಣ. ಮೊದಲು ದೂರ.

ವಿಮಾನದ ದೂರ ಅಂದರೆ ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶ ತಗೊಂಡು, ಭೂಮಿಯ ಮೇಲ್ಮೈ ಮೇಲೆ ಅತಿ ಚಿಕ್ಕ ಗೆರೆ ಎಳೆದರೆ ಬರೋ ಉದ್ದ. ಶಂಷಾಬಾದ್ ಸುಮಾರು 17.24 ಡಿಗ್ರಿ ಉತ್ತರ, 78.43 ಡಿಗ್ರಿ ಪೂರ್ವ. ದೇವನಹಳ್ಳಿ 13.20 ಉತ್ತರ, 77.71 ಪೂರ್ವ. ಕಾಲೇಜಲ್ಲಿ ಕಲಿತ ಹ್ಯಾವರ್‌ಸೈನ್ ಸೂತ್ರ ಹಾಕಿದರೆ 456 ಆಸುಪಾಸು ಬರತ್ತೆ. ಆ ಸೂತ್ರ ಭೂಮಿಯನ್ನ ಪಕ್ಕಾ ಚೆಂಡು ಅಂದ್ಕೊಳ್ಳತ್ತೆ. ನಿಜವಾದ ಭೂಮಿ ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆ. ಅದನ್ನೂ ಹಿಡಿದರೆ 454. ಬೇರೆ ಬೇರೆ ಕಡೆ ಒಂದೆರಡು ಕಿಲೋಮೀಟರ್ ವ್ಯತ್ಯಾಸ ಕಂಡರೆ ಗಾಬರಿ ಆಗಬೇಡಿ, ಕಾರಣ ಇದೇ.

ಇಷ್ಟು ಹತ್ತಿರದ ಊರುಗಳಿಗೆ ಈ ಸೂತ್ರವೂ ಬೇಕಾಗಿಲ್ಲ. ಹೈಸ್ಕೂಲಿನ ಪೈಥಾಗೊರಸ್ ಸಾಕು. ಉತ್ತರ ದಕ್ಷಿಣ ಸುಮಾರು 447 ಕಿ.ಮೀ., ಪೂರ್ವ ಪಶ್ಚಿಮ ಸುಮಾರು 78 ಕಿ.ಮೀ., ಕರ್ಣ 454. ಭೂಮಿ ಗುಂಡಗಿರೋದು ದೂರ ಹೆಚ್ಚಾದಾಗಲೇ ಗೊತ್ತಾಗೋದು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ತಂದಿತ್ತಲ್ಲ, ಅದು ಬಂದಿದ್ದು ಉತ್ತರ ಧ್ರುವದ ಮೇಲಿಂದ. ಗೋಡೆ ಮೇಲಿನ ಭೂಪಟದಲ್ಲಿ ಸುತ್ತು ದಾರಿ ಅನ್ಸತ್ತೆ. ಗ್ಲೋಬಿನ ಮೇಲೆ ದಾರ ಹಿಡಿದು ನೋಡಿ, ಆ ಸುಮಾರು 14,000 ಕಿಲೋಮೀಟರಿನ ನೇರ ದಾರಿ ಅದೇ ಕಡೆ ಹೋಗತ್ತೆ.

ನಮ್ಮ 454 ಕಿಲೋಮೀಟರಿನ ಗೆರೆ ಕರ್ನೂಲಿನ ಸ್ವಲ್ಪ ಪೂರ್ವಕ್ಕೆ ಹಾದು, ಹೆಚ್ಚುಕಡಿಮೆ ಪುಟ್ಟಪರ್ತಿಯ ಮೇಲೆ ಬಂದು ದೇವನಹಳ್ಳಿ ಮುಟ್ಟತ್ತೆ. ಆದರೆ ವಿಮಾನ ಈ ಗೆರೆ ಮೇಲೇ ಹೋಗಲ್ಲ. ಇಲ್ಲೊಂದು ಮಜಾ ಇದೆ. ಪ್ರಯಾಣ ಉತ್ತರದಿಂದ ದಕ್ಷಿಣಕ್ಕೆ. ಶಂಷಾಬಾದಿನ ರನ್‌ವೇ ಇರೋದು ಪೂರ್ವ ಪಶ್ಚಿಮವಾಗಿ. ದೇವನಹಳ್ಳಿಯ ಎರಡು ರನ್‌ವೇಗಳೂ ಪೂರ್ವ ಪಶ್ಚಿಮವೇ. ಅಂದರೆ ವಿಮಾನ ಏರೋದು ಹೋಗಬೇಕಾದ ದಿಕ್ಕಿಗೆ ಅಡ್ಡವಾಗಿ, ಇಳಿಯೋದೂ ಬಂದ ದಿಕ್ಕಿಗೆ ಅಡ್ಡವಾಗಿ. ಗಾಳಿಗೆ ಮುಖ ಮಾಡಿ ಏರಬೇಕು, ಗಾಳಿಗೆ ಮುಖ ಮಾಡಿ ಇಳಿಯಬೇಕು. ಮುಂಗಾರಿನಲ್ಲಿ ಪಶ್ಚಿಮದ ಗಾಳಿ, ಚಳಿಗಾಲದಲ್ಲಿ ಪೂರ್ವದ ಗಾಳಿ. ಹಾಗಾಗಿ ಏರಿದ ಮೇಲೆ ಒಂದು ತಿರುವು, ಇಳಿಯೋ ಮುಂಚೆ ಒಂದು ತಿರುವು, ಮುಂದೆ ಬೇರೆ ವಿಮಾನ ಇದ್ದರೆ ಇನ್ನೊಂದು ಸುತ್ತು. ನಿಜವಾಗಿ ಹಾರೋ ದೂರ ಯಾವಾಗಲೂ 454ಕ್ಕಿಂತ ಹೆಚ್ಚೇ.

ಈಗ ಸಮಯ. ಏರ್‌ಬಸ್ 320 ಅಥವಾ ಬೋಯಿಂಗ್ 737 ಗಂಟೆಗೆ 830 ಕಿ.ಮೀ. ಆಸುಪಾಸು ಹೋಗತ್ತೆ ಅಂತ ಕೇಳಿರ್ತೀರಿ. 454ನ್ನ 830ರಿಂದ ಭಾಗಿಸಿದರೆ 33 ನಿಮಿಷ. ಟಿಕೆಟ್ಟಿನಲ್ಲಿ ಇರೋದು 70 ನಿಮಿಷ. ಅರ್ಧಕ್ಕರ್ಧ ಎಲ್ಲಿ ಹೋಯ್ತು?

ಒಂದು, ಆ 830ರ ವೇಗ ಸಿಗೋದು ಮೇಲೆ ಸಮತಟ್ಟಾಗಿ ಹಾರೋವಾಗ ಮಾತ್ರ. 30,000 ಅಡಿಗೆ ಹೋಗತ್ತೆ ಅಂತಿಟ್ಕೊಳ್ಳಿ. ಅಷ್ಟು ಎತ್ತರ ಏರೋಕೆ ಕಾಲು ಗಂಟೆಗೂ ಮೇಲೆ ಬೇಕು, ಅಷ್ಟರಲ್ಲಿ 170 ಕಿ.ಮೀ. ಆಸುಪಾಸು ದಾರಿ ಕಳೆದಿರತ್ತೆ. ಇಳಿಯೋದಕ್ಕೆ ಪೈಲಟ್‌ಗಳ ಹತ್ತಿರ ಒಂದು ಬಾಯಿಲೆಕ್ಕ ಇದೆ: ಪ್ರತಿ ಸಾವಿರ ಅಡಿ ಇಳಿಯೋಕೆ 3 ನಾಟಿಕಲ್ ಮೈಲಿ. ದೇವನಹಳ್ಳಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಉಳಿದ 27,000 ಅಡಿ ಇಳಿಯೋಕೆ 81 ನಾಟಿಕಲ್ ಮೈಲಿ, ಅಂದರೆ 150 ಕಿ.ಮೀ. ಏರೋದಕ್ಕೆ 170, ಇಳಿಯೋದಕ್ಕೆ 150, ಎರಡೂ ಸೇರಿ 320. ಮಿಕ್ಕಿದ್ದು 134 ಕಿ.ಮೀ. ಪೂರ್ತಿ ವೇಗದಲ್ಲಿ ಹಾರೋದು ಬರೀ ಹತ್ತು ನಿಮಿಷ. ಈ ದಾರಿಯಲ್ಲಿ ಗಗನಸಖಿಯರು ಅಷ್ಟು ಅವಸರದಲ್ಲಿ ನೀರು ಕೊಟ್ಟು, ಅಷ್ಟೇ ಅವಸರದಲ್ಲಿ ಕಪ್ಪು ವಾಪಸ್ ಇಸ್ಕೊಳ್ಳೋದು ಅದಕ್ಕೇ. ಜೊತೆಗೆ 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ ಇರತ್ತೆ.

ಎರಡು, ಟಿಕೆಟ್ಟಿನ ಸಮಯ ಹಾರಾಟದ ಸಮಯ ಅಲ್ಲ. ಅದಕ್ಕೆ ಬ್ಲಾಕ್ ಟೈಮ್ ಅಂತಾರೆ. ಗೇಟಿನಲ್ಲಿ ನಿಂತ ವಿಮಾನದ ಚಕ್ರ ಅಲುಗಾಡಿದ ಕ್ಷಣದಿಂದ, ಆ ಕಡೆ ಗೇಟಿನಲ್ಲಿ ಚಕ್ರ ನಿಲ್ಲೋ ಕ್ಷಣದವರೆಗೆ. ರನ್‌ವೇವರೆಗೆ ಉರುಳೋದು, ಸಾಲಲ್ಲಿ ಕಾಯೋದು, ಇಳಿದ ಮೇಲೆ ಉರುಳೋದು ಎಲ್ಲ ಇದರಲ್ಲೇ ಸೇರಿರತ್ತೆ. ಕಂಪನಿಗಳು ಸ್ವಲ್ಪ ಸಡಿಲವನ್ನೂ ಇಟ್ಟಿರ್ತಾರೆ.

ಹಾಗಾಗಿ ದೂರದಿಂದ ಸಮಯ ಅಂದಾಜು ಮಾಡೋರು ಒಂದು ಸುಲಭ ಸೂತ್ರ ಇಟ್ಕೊಂಡಿರ್ತಾರೆ: ದೂರವನ್ನ 800ರಿಂದ ಭಾಗಿಸು, ಅರ್ಧ ಗಂಟೆ ಸೇರಿಸು. ನಮ್ಮ 454ಕ್ಕೆ 34 ನಿಮಿಷ, ಅರ್ಧ ಗಂಟೆ ಸೇರಿದರೆ 1 ಗಂಟೆ 4 ನಿಮಿಷ. ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ., ಸೂತ್ರದ ಪ್ರಕಾರ 2 ಗಂಟೆ 38 ನಿಮಿಷ. ಟಿಕೆಟ್ಟಿನಲ್ಲಿ ನೋಡಿ, ಅದರ ಹತ್ತಿರದಲ್ಲೇ ಇರತ್ತೆ. ದೂರ ಹತ್ತಿರಹತ್ತಿರ ನಾಲ್ಕು ಪಟ್ಟು, ಸಮಯ ಎರಡೂವರೆ ಪಟ್ಟು ಅಷ್ಟೆ. ಆ ಅರ್ಧ ಗಂಟೆ ಸ್ಥಿರಾಂಕ, ಎಲ್ಲಿಗೆ ಹೋದರೂ ಕಟ್ಟಬೇಕಾದ ಸುಂಕ. ದಾರಿ ಚಿಕ್ಕದಾದಷ್ಟೂ ಸುಂಕವೇ ದೊಡ್ಡದು. ಎಟಿಆರ್ ಅಂತ ಫ್ಯಾನ್ ಇರೋ ಸಣ್ಣ ವಿಮಾನ ಗಂಟೆಗೆ 500 ಕಿ.ಮೀ. ಹೋದರೂ ಈ ಮಾರ್ಗದಲ್ಲಿ ಲೆಕ್ಕಕ್ಕೆ 20 ನಿಮಿಷ ಮಾತ್ರ ಹಿಂದೆ ಬೀಳೋದು ಇದೇ ಕಾರಣಕ್ಕೆ.

ಇಲ್ಲಿಯವರೆಗಿನದು ನಿಲ್ದಾಣದಿಂದ ನಿಲ್ದಾಣಕ್ಕೆ ಆಯ್ತು. ಆದರೆ ಅಜ್ಜಿ ನಿಲ್ದಾಣದಲ್ಲಿ ಇರಲಿಲ್ಲವಲ್ಲ.

ಆ ದಿನದ ಲೆಕ್ಕ ನನ್ನ ಫೋನಿನಲ್ಲಿ ಈಗಲೂ ಇದೆ, ಟ್ಯಾಕ್ಸಿ ಬಿಲ್ಲು, ಬೋರ್ಡಿಂಗ್ ಪಾಸು, ತಮ್ಮನಿಗೆ ಕಳಿಸಿದ ಮೆಸೇಜು ಎಲ್ಲದರಿಂದ ಜೋಡಿಸಿದ್ದು. ಮಿಯಾಪುರದ ಬಾಗಿಲು ಬಿಟ್ಟಿದ್ದು ಬೆಳಗಿನ ಜಾವ 3:40. ಗಚ್ಚಿಬೌಲಿ ಬಂದು ಔಟರ್ ರಿಂಗ್ ರೋಡ್ ಹತ್ತಿ ಶಂಷಾಬಾದಿಗೆ 40 ಕಿಲೋಮೀಟರಿಗೂ ಮೇಲೆ, ರಸ್ತೆ ಖಾಲಿ ಇತ್ತು, 4:30ಕ್ಕೆ ತಲುಪಿದೆ. ಸೆಕ್ಯುರಿಟಿ, ಕಾಯೋದು. 6:10ಕ್ಕೆ ಗೇಟು ಬಿಟ್ಟಿತು, 6:27ಕ್ಕೆ ನೆಲ ಬಿಟ್ಟಿತು. 7:18ಕ್ಕೆ ದೇವನಹಳ್ಳಿಯ ನೆಲ ಮುಟ್ಟಿತು. ಗೇಟು ಸೇರಿ, ನಡೆದು, ಟ್ಯಾಕ್ಸಿ ಸಿಗೋ ಹೊತ್ತಿಗೆ 7:50. ಹೆಬ್ಬಾಳದ ಫ್ಲೈಓವರ್ ಹೇಗಿರತ್ತೆ ಅಂತ ಬೆಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಸುಮಾರು 45 ಕಿ.ಮೀ., ಒಂದೂವರೆ ಗಂಟೆ. 9:20.

ಒಟ್ಟು 5 ಗಂಟೆ 40 ನಿಮಿಷ, ಅಂದರೆ 340 ನಿಮಿಷ. ಅದರಲ್ಲಿ ಗಾಳಿಯಲ್ಲಿದ್ದದ್ದು 51 ನಿಮಿಷ. ಶೇ. 15. ಮಿಯಾಪುರದ ಮನೆಯಿಂದ ಬನಶಂಕರಿಯ ಮನೆಗೆ ನೇರ ಗೆರೆ ಎಳೆದರೆ 513 ಕಿ.ಮೀ. ಆಗತ್ತೆ, ಅದರಲ್ಲಿ 454ನ್ನ ವಿಮಾನ ಮುಗಿಸಿಕೊಡ್ತು. ಹತ್ತಿರಹತ್ತಿರ ಶೇ. 88ರಷ್ಟು ದೂರ, ಶೇ. 15ರಷ್ಟು ಸಮಯದಲ್ಲಿ. ಉಳಿದ 60 ಕಿಲೋಮೀಟರಿಗೆ ಶೇ. 85ರಷ್ಟು ಸಮಯ.

ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಹೆಸರೇ ಇದೆ, ಆಮ್ಡಾಲನ ನಿಯಮ. 1967ರಲ್ಲಿ ಜೀನ್ ಆಮ್ಡಾಲ್ ಕಂಪ್ಯೂಟರುಗಳ ಬಗ್ಗೆ ಹೇಳಿದ್ದು. ಒಂದು ಕೆಲಸದ ಒಂದು ಭಾಗವನ್ನ ನೀವು ಎಷ್ಟೇ ವೇಗ ಮಾಡಿ, ಒಟ್ಟು ಲಾಭವನ್ನ ಮಿಕ್ಕ ಭಾಗ ಕಟ್ಟಿಹಾಕತ್ತೆ. ವಿಮಾನ ಕಣ್ಮುಚ್ಚಿ ತೆಗೆಯೋದರೊಳಗೆ ಶಂಷಾಬಾದಿನಿಂದ ದೇವನಹಳ್ಳಿಗೆ ಹೋಗಿಬಿಟ್ಟಿದ್ದರೂ ನನಗೆ 4 ಗಂಟೆ 49 ನಿಮಿಷ ಬೇಕಾಗಿತ್ತು. ಆಗಲೂ 8:29. ನಾನು ಹೇಳಿದ್ದು ಎಂಟು! ಆಫೀಸಿನಲ್ಲಿ ಇದನ್ನ ಜೂನಿಯರ್‌ಗಳಿಗೆ ಪಾಠ ಮಾಡ್ತೀನಿ. ನನ್ನ ಮನೆಯ ವಿಷಯಕ್ಕೆ ಬಂದಾಗ ನೆನಪಾಗಲಿಲ್ಲ.

ಇನ್ನೊಂದು ಲೆಕ್ಕ ಇದೆ, ಇದು ಗೊತ್ತಾದಾಗ ನಾನು ನಿಜವಾಗಿ ಎದ್ದು ಕೂತೆ. ನಾನು ಮೊದಲ ಸಲ ವಿಮಾನ ಹತ್ತಿದ್ದು 2007ರಲ್ಲಿ ಅಪ್ಪನ ಜೊತೆ, ಇದೇ ಹೈದರಾಬಾದಿಗೆ. ಆಗ ಹೊರಟಿದ್ದು ಎಚ್‌ಎಎಲ್ ನಿಲ್ದಾಣದಿಂದ, ಇಳಿದಿದ್ದು ಬೇಗಂಪೇಟೆಯಲ್ಲಿ. ಎರಡೂ ಊರೊಳಗೇ. 2008ರಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡೂ ಊರುಗಳ ನಿಲ್ದಾಣ ಬದಲಾಯ್ತು. ಮಾರ್ಚ್ 23ಕ್ಕೆ ಶಂಷಾಬಾದ್ ಶುರುವಾಯ್ತು, ಮೇ 24ಕ್ಕೆ ದೇವನಹಳ್ಳಿ. ಶಂಷಾಬಾದ್ ಇರೋದು ಹೈದರಾಬಾದಿನ ದಕ್ಷಿಣಕ್ಕೆ, ಅಂದರೆ ಬೆಂಗಳೂರಿನ ಕಡೆಗೆ. ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕೆ, ಅಂದರೆ ಹೈದರಾಬಾದಿನ ಕಡೆಗೆ. ಎರಡು ನಿಲ್ದಾಣಗಳೂ ಒಂದನ್ನೊಂದು ನೋಡ್ಕೊಂಡು ಹತ್ತಿರ ಸರಿದವು! ಬೇಗಂಪೇಟೆ–ಎಚ್‌ಎಎಲ್ ನಡುವೆ ಸುಮಾರು 505 ಕಿ.ಮೀ. ಇತ್ತು, ಈಗ 454. ಆಕಾಶದಲ್ಲಿ 50 ಕಿ.ಮೀ. ಉಳಿತಾಯ.

ನೆಲದ ಮೇಲೆ? ಬೇಗಂಪೇಟೆಯಿಂದ ಮಿಯಾಪುರ 15 ಕಿ.ಮೀ. ಆಸುಪಾಸು. ಎಚ್‌ಎಎಲ್‌ನಿಂದ ಬನಶಂಕರಿಯೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸೇರಿ 30ರ ಮೇಲೆ ಸ್ವಲ್ಪ. ಈಗ ಎರಡೂ ಸೇರಿ 85. ಅಂದರೆ 50 ಕಿ.ಮೀ. ಆಕಾಶ ಕೊಟ್ಟು 50 ಕಿ.ಮೀ. ರಸ್ತೆ ತಗೊಂಡ್ವಿ. ವಿಮಾನ 50 ಕಿ.ಮೀ. ಹೋಗೋಕೆ ನಾಲ್ಕು ನಿಮಿಷ ಸಾಕು. ರಸ್ತೆಯಲ್ಲಿ 50 ಕಿ.ಮೀ. ಅಂದರೆ ಬೆಂಗಳೂರಿನಲ್ಲಿ ಎಷ್ಟು, ಹೈದರಾಬಾದಿನಲ್ಲಿ ಎಷ್ಟು, ನೀವೇ ಹೇಳಿ. ಯಲಹಂಕದಲ್ಲಿರೋರು, ಶಂಷಾಬಾದಿನ ಹತ್ತಿರ ಇರೋರು ಇದನ್ನ ಓದಿ ನಗಬಹುದು, ಅವರಿಗೆ ಪೂರ್ತಿ ಲಾಭವೇ. ನನ್ನಂಥ ವಾಯವ್ಯ ಮೂಲೆಯವನು ದಕ್ಷಿಣ ಬೆಂಗಳೂರಿಗೆ ಹೋಗಬೇಕಾದಾಗ ಎರಡೂ ಕಡೆ ಪೆಟ್ಟು. ಹೊಸ ನಿಲ್ದಾಣಗಳು ಬೇಡವಾಗಿತ್ತು ಅಂತ ನಾನು ಹೇಳ್ತಿಲ್ಲ, ಇವತ್ತಿನ ಜನಸಂದಣಿಯನ್ನ ಬೇಗಂಪೇಟೆ ಆಗಲಿ ಎಚ್‌ಎಎಲ್ ಆಗಲಿ ಹೊರೋಕೆ ಸಾಧ್ಯವೇ ಇರಲಿಲ್ಲ. ಆದರೆ ದೂರಕ್ಕೆ ಹೋದ ನಿಲ್ದಾಣದ ಜೊತೆಗೇ ಹೋಗಬೇಕಾಗಿದ್ದ ರೈಲು ಹೋಗಲಿಲ್ಲ ಅನ್ನೋದು ನನ್ನ ಸಿಟ್ಟು. ಮಿಯಾಪುರಕ್ಕೆ 2017ರ ನವೆಂಬರಿನಲ್ಲೇ ಮೆಟ್ರೋ ಬಂತು, ಅದು ಎಲ್‌.ಬಿ. ನಗರಕ್ಕೆ ಹೋಗತ್ತೆ, ಶಂಷಾಬಾದಿಗೆ ಅಲ್ಲ. 2022ರ ಡಿಸೆಂಬರಿನಲ್ಲಿ ರಾಯದುರ್ಗದಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋ ಅಂತ ಶಂಕುಸ್ಥಾಪನೆ ಆಯ್ತು, ಸರ್ಕಾರ ಬದಲಾದ ಮೇಲೆ ಆ ಮಾರ್ಗವನ್ನೇ ಕೈಬಿಟ್ಟರು. ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ ಹಾದು ದೇವನಹಳ್ಳಿಗೆ ಹೋಗೋ ನೀಲಿ ಮಾರ್ಗದ ಕಂಬಗಳು ನಿಂತಿವೆ.

ಹಳೇ ನಿಲ್ದಾಣಗಳನ್ನ ಯಾಕೆ ಜೊತೆಗೇ ಇಟ್ಕೊಳ್ಳಲಿಲ್ಲ ಅಂತ ಕೇಳ್ತಾರೆ. ಒಪ್ಪಂದದಲ್ಲೇ ಇತ್ತು: ಬೆಂಗಳೂರಿನ ಹೊಸ ನಿಲ್ದಾಣದ 150 ಕಿ.ಮೀ. ಒಳಗೆ 25 ವರ್ಷ, ಅಂದರೆ 2033ರವರೆಗೆ, ಮೈಸೂರು, ಹಾಸನ ಬಿಟ್ಟು ಬೇರೆ ಪೈಪೋಟಿ ಇರಬಾರದು. ಹೈದರಾಬಾದಿಗೂ ಇಂಥದೇ 150 ಕಿ.ಮೀ. ಷರತ್ತು. ಬೀದರ್ ಶಂಷಾಬಾದಿನಿಂದ ನೇರ ಗೆರೆಯಲ್ಲಿ 125 ಕಿ.ಮೀ. ಆಸುಪಾಸು. ಹಾಗಾಗಿ ಅಲ್ಲಿ ನಾಗರಿಕ ವಿಮಾನ ಶುರುವಾಗೋದಕ್ಕೆ ಈ ಷರತ್ತೂ ಅಡ್ಡ ಇತ್ತು, 2020ರ ಫೆಬ್ರುವರಿವರೆಗೆ ಕಾಯಬೇಕಾಯ್ತು. ಗೆರೆಯ ಉದ್ದ ಬರೀ ಗಣಿತ ಅಲ್ಲ ನೋಡಿ. ಈಗ ಬೆಂಗಳೂರಿನ ಎರಡನೇ ನಿಲ್ದಾಣಕ್ಕೆ ಕನಕಪುರ ರಸ್ತೆ ಕಡೆ, ನೆಲಮಂಗಲ–ಕುಣಿಗಲ್ ರಸ್ತೆ ಕಡೆ ಜಾಗ ನೋಡಿದ್ದಾರೆ. ಕನಕಪುರ ರಸ್ತೆಗೆ ಬಂದರೆ ಹೈದರಾಬಾದಿನಿಂದ ವಿಮಾನದ ದೂರ ಮತ್ತೆ 500 ದಾಟತ್ತೆ, ಬನಶಂಕರಿಯವರು ಮಾತ್ರ ಬೇಗ ಮನೆ ಸೇರ್ತಾರೆ.

ಇನ್ನು ಆ ಶುಕ್ರವಾರ ರಾತ್ರಿ ಬಾಲ್ಕನಿಯಿಂದ ಕಂಡ ಬಸ್ಸು. ಹೈದರಾಬಾದ್–ಬೆಂಗಳೂರು ರಸ್ತೆ ಸುಮಾರು 570 ಕಿ.ಮೀ., ರಾಷ್ಟ್ರೀಯ ಹೆದ್ದಾರಿ 44. ಮಿಯಾಪುರದಿಂದ 10:30ಕ್ಕೆ ಹೊರಟ ಬಸ್ಸು ಎಲ್ಲ ಸರಿಯಿದ್ದರೆ ಬೆಳಿಗ್ಗೆ ಏಳರ ಹೊತ್ತಿಗೆ ಹೆಬ್ಬಾಳದಲ್ಲಿರತ್ತೆ. ನನ್ನ ಟ್ಯಾಕ್ಸಿ ಹೆಬ್ಬಾಳ ದಾಟಿದ್ದು 8:25ಕ್ಕೆ. ಆ ಹೆದ್ದಾರಿ ಶಂಷಾಬಾದ್ ಊರೊಳಗಿಂದಲೇ ಹೋಗತ್ತೆ, ಬೆಂಗಳೂರಿಗೆ ಬರೋದೂ ದೇವನಹಳ್ಳಿ ಮೂಲಕವೇ. ಬಸ್ಸು ಎರಡೂ ನಿಲ್ದಾಣಗಳ ಪಕ್ಕದಲ್ಲೇ ಹಾದು ಹೋಗತ್ತೆ, ನಿಲ್ಲಲ್ಲ, ಸೆಕ್ಯುರಿಟಿ ಇಲ್ಲ. ನಿಧಾನ, ಆದರೆ ರಾತ್ರಿಯೇ ಹೊರಡತ್ತೆ. ವಿಮಾನ ವೇಗ, ಆದರೆ ಬೆಳಿಗ್ಗೆವರೆಗೆ ಕಾಯಬೇಕು. ಒಂಬತ್ತೂವರೆಗೆ ಫೋನ್ ಬಂದವನಿಗೆ ಆ ರಾತ್ರಿಯ ಕೊನೇ ವಿಮಾನ ಸಿಗೋ ಪ್ರಶ್ನೆಯೇ ಇಲ್ಲ, ಚೆಕ್-ಇನ್ ಕೌಂಟರ್ ಒಂದು ಗಂಟೆ ಮುಂಚೆ ಮುಚ್ಚತ್ತೆ, ಅಲ್ಲಿಗೆ ಹೋಗೋಕೇ ಒಂದು ಗಂಟೆ. ಬಸ್ಸು ಪಂಕ್ಚರ್ ಆಗಬಹುದಿತ್ತು, ಅನಂತಪುರದ ಹತ್ತಿರ ಸಿಕ್ಕಿಹಾಕ್ಕೊಬಹುದಿತ್ತು, ಅದೆಲ್ಲ ಇದ್ದದ್ದೇ. ಆದರೂ ಒಂದು ಗಂಟೆಗೂ ಮೇಲಿನ ಅಂತರ ಇತ್ತು.

2023ರ ಸೆಪ್ಟೆಂಬರಿನಲ್ಲಿ ಕಾಚಿಗುಡ–ಯಶವಂತಪುರ ವಂದೇ ಭಾರತ್ ಬಂತು, ಸುಮಾರು ಎಂಟೂವರೆ ಗಂಟೆ. ಹಗಲು ಹೋಗೋದಾದರೆ ನನಗೆ ಇಷ್ಟ. ಬೆಳಗಾಗೋ ಮುಂಚೆ ಹೊರಡತ್ತೆ, ಆ ಹೊತ್ತಿಗೆ ಮಿಯಾಪುರದಲ್ಲಿ ಮೆಟ್ರೋ ಶುರುವಾಗಿರಲ್ಲ, ಮತ್ತೆ ಟ್ಯಾಕ್ಸಿಯೇ.

ಈಗ ನಾನು ಯಾರಿಗಾದರೂ ‘ಇಷ್ಟೊತ್ತಿಗೆ ಬರ್ತೀನಿ’ ಅನ್ನೋ ಮುಂಚೆ ಹಿಂದಿನಿಂದ ಎಣಿಸ್ತೀನಿ. ಆ ಕಡೆಯ ಬಾಗಿಲು, ಅಲ್ಲಿಯ ರಸ್ತೆ ಒಂದೂವರೆ ಗಂಟೆ, ಇಳಿದು ಹೊರಗೆ ಬರೋದು ಅರ್ಧ ಗಂಟೆ, ಟಿಕೆಟ್ಟಿನ ಸಮಯ, ಮುಂಚೆ ಎರಡು ಗಂಟೆ, ಈ ಕಡೆಯ ರಸ್ತೆ ಒಂದು ಗಂಟೆ. ಮಿಯಾಪುರ–ಬನಶಂಕರಿಗೆ ಟಿಕೆಟ್ಟಿನ ಸಮಯಕ್ಕೆ ಐದು ಗಂಟೆ ಸೇರಿಸು, ಅಷ್ಟೆ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯ ಬೆಳಗಿನ ಮಂಜಿಗೆ ಇನ್ನೊಂದು ಗಂಟೆ. ತಡವಾಗತ್ತೆ ಅನ್ಸಿದರೆ ನನಗಾಗಿ ಕಾಯಬೇಡಿ ಅಂತ ಮೊದಲೇ ಹೇಳ್ತೀನಿ. ಅವತ್ತು ಹಾಗೆ ಹೇಳಿದ್ದರೆ ಅವರು ಎಂಟರಿಂದ ಒಂಬತ್ತರವರೆಗೆ ಗೇಟಿನ ಕಡೆ ನೋಡ್ಕೊಂಡು ನಿಲ್ಲಬೇಕಾಗಿರಲಿಲ್ಲ. ಅಮ್ಮ ಇದರ ಬಗ್ಗೆ ಇವತ್ತಿಗೂ ಒಂದು ಮಾತು ಆಡಿಲ್ಲ.

ಈ ವರ್ಷದ ತಿಥಿಗೆ ಬಸ್ಸಿನಲ್ಲೇ ಹೋದೆ. ಬೆಳಗಿನ ಜಾವ ಎಚ್ಚರ ಆದಾಗ ಬಸ್ಸು ದೇವನಹಳ್ಳಿ ದಾಟಿ ಸಾದಹಳ್ಳಿ ಟೋಲಿನ ಸಾಲಲ್ಲಿ ನಿಂತಿತ್ತು. ಪೂರ್ವದ ಗಾಳಿಯ ದಿನ, ಹಿಂದಿನ ಕಿಟಕಿಯಲ್ಲಿ ನೋಡಿದರೆ ಒಂದು ವಿಮಾನ ಪಶ್ಚಿಮದಿಂದ ಹೆದ್ದಾರಿಯನ್ನ ಅಡ್ಡ ದಾಟಿ ಇಳೀತಾ ಇತ್ತು. ತಮ್ಮ ಫೋನ್ ಮಾಡಿ ಎಲ್ಲಿದ್ದೀಯ ಅಂತ ಕೇಳಿದ. ಟೋಲಲ್ಲಿದ್ದೀನಿ, ಇನ್ನೂ ಒಂದೂವರೆ ಗಂಟೆ ಅಂತಿಟ್ಕೋ ಅಂದೆ. ಒಂದೂ ಕಾಲು ಗಂಟೆಗೆ ಮನೇಲಿದ್ದೆ, ಅಮ್ಮ ಇನ್ನೂ ರಂಗೋಲಿ ಹಾಕದೆ ಬಾಗಿಲು ಬರೀ ಸಾರಿಸಿದ್ದರು.